ಆರುನೂರ ಅರವತ್ತು ಮೀಟರ್

ಸೈಕಲ್ ಅಂಗಡಿಯ ಹಿಂದಿನ ಕೋಣೆ,
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ವಾರ್ಡಿನಲ್ಲಿ ನಿಂತು ನಿಂತು ಕಾಲು ಊದಿಕೊಳ್ಳುತ್ತೆ ಅಂತ ಹೋದ ಕಾಗದದಲ್ಲಿ ನೀನು ಬರೆದಿದ್ದೆ, ಈಗ ಕಡಿಮೆಯಾಯಿತಾ? ಊರವರ ಕಾಲಿಗೆಲ್ಲ ಪಟ್ಟಿ ಕಟ್ಟುವ ನರ್ಸಮ್ಮ ತನ್ನ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಟ್ಟುಕೊಂಡು ಕೂತಿರುವುದನ್ನು ನೆನೆಸಿಕೊಂಡರೆ ನಗು ಬರುತ್ತೆ, ಕೋಪ ಮಾಡಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮ ಚೆನ್ನಾಗಿದ್ದಾಳೆ. ಹೊಸ ಕನ್ನಡಕ ಬಂದಿದೆ. ಬಂದ ದಿನದಿಂದ ಮನೆಯ ಮೂಲೆಮೂಲೆಯ ಧೂಳೆಲ್ಲ ಕಾಣುತ್ತಿದೆ, ಅದಕ್ಕೆಲ್ಲ ನಾನೇ ಕಾರಣ ಅಂತ ತೀರ್ಮಾನವೂ ಆಗಿದೆ. ಅಪ್ಪ ಇದ್ದಾರೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಫೋನಿನಲ್ಲೇ ಹೇಳೋಣ ಅಂದರೆ ನಿಮ್ಮ ಹಾಸ್ಟೆಲಿನ ಫೋನಿನ ಹಿಂದೆ ಯಾವಾಗಲೂ ಹತ್ತು ಜನ ಸಾಲು ನಿಂತಿರುತ್ತಾರೆ, ನಾನು ಶುರು ಮಾಡುವಷ್ಟರಲ್ಲಿ ನೀನು ‘ಸರಿ ಕಣೋ, ಇಡ್ತೀನಿ’ ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ತಲೆ ಕೆಟ್ಟು ಮೊಸರುಗಡಿಗೆ ಆಗಿದೆ. ಬರೆಯದಿದ್ದರೆ ಯಾರ ಮೇಲಾದರೂ ಪಂಪು ಎಸೆದುಬಿಡುತ್ತೇನೆ.

ನಮ್ಮೂರಿನ ಹಾಫ್ ಮ್ಯಾರಥಾನ್ ಐದನೇ ತಾರೀಖು ಭಾನುವಾರ ಆಯಿತು. ನನಗೆ ಈ ಸಲದ ಓಟ ಯಾಕೆ ಬೇಕಿತ್ತು ಅಂತ ನಿನಗೆ ಗೊತ್ತು. ಬೆಟ್ಟದ ರಕ್ಷಣಾ ದಳಕ್ಕೆ ಸೇರುವುದಕ್ಕೆ ಹತ್ತನೇ ಕ್ಲಾಸು ಸಾಕು, ಆದರೆ ಇಪ್ಪತ್ತೊಂದು ಕಿಲೋಮೀಟರನ್ನು ಒಂದೂವರೆ ಗಂಟೆಯೊಳಗೆ ಓಡಿದ ಸರ್ಟಿಫಿಕೇಟು ಈ ತಿಂಗಳೊಳಗೆ ಕೊಡಬೇಕು. ಬೇಕರಿ ಬಿಟ್ಟೆ, ಪ್ರೆಸ್ಸು ಬಿಟ್ಟೆ, ಮರದ ಡಿಪೋ ಬಿಟ್ಟೆ, ಕೊನೆಗೆ ಅಪ್ಪನ ಸೈಕಲ್ ಅಂಗಡಿಯಲ್ಲೇ ಪಂಚರ್ ಹಾಕಿಕೊಂಡು ಕೂತೆ. ಈ ಕಾಲಿಗೆ ಕೂರುವ ಕೆಲಸ ಆಗಿಬರುವುದಿಲ್ಲ ಅಂತ ಊರಿಗೆಲ್ಲ ಗೊತ್ತು. ಎರಡು ವರ್ಷದಿಂದ ದಿನಾ ಬೆಳಗ್ಗೆ ಬೆಟ್ಟ ಹತ್ತಿ ಇಳಿದಿದ್ದೇನೆ. ಅಮ್ಮ ‘ನಾಯಿ ಅಟ್ಟಿಸಿಕೊಂಡು ಬಂದರೂ ಮನುಷ್ಯ ಇಷ್ಟು ಓಡಲ್ಲ’ ಅನ್ನುತ್ತಿದ್ದಳು.

ಓಟದ ದಿನ ಹವಾ ಚೆನ್ನಾಗಿತ್ತು. ಹೊರಗಿನಿಂದ ಬಂದವರು ‘ಆಹಾ ಏನು ನೋಟ, ಏನು ಕಣಿವೆ’ ಅಂತ ನಿಂತು ನಿಂತು ಫೋಟೋ ಹೊಡೆದುಕೊಂಡರು. ಓಡುವವನಿಗೆ ನೋಟ ಎಲ್ಲಿಂದ ಬರಬೇಕು ಅಕ್ಕ? ಮುಂದಿನವರ ಹಿಮ್ಮಡಿ ಒಂದೇ ನೋಟ. ನನಗೆ ಕಂಡದ್ದು ಕ್ಷೌರದಂಗಡಿಯವರ ಮಗಳ ಹಿಮ್ಮಡಿ. ಆ ಹುಡುಗಿ ನಿನ್ನ ಕ್ಲಾಸಿನವಳ ತಂಗಿ, ಉದ್ದ ಕಾಲಿನವಳು. ಅವಳೂ ದಳಕ್ಕೆ ಸೇರಬೇಕು ಅಂತ ಓಡುತ್ತಿದ್ದವಳು. ನೀರಿನ ತೊಟ್ಟಿಯ ಏರಿನಲ್ಲಿ ಒಂದು ಸಲ ತಿರುಗಿ ‘ಏನೋ ಪಂಚರಾ?’ ಅಂದಳು. ಅದೇ ಕೊನೆ, ಆಮೇಲೆ ಅವಳು ಕೈಗೆ ಸಿಗಲಿಲ್ಲ. ಆದರೂ ಚೌಕಕ್ಕೆ ಬಂದು ಮುಟ್ಟಿದಾಗ ಗಡಿಯಾರ ಹಿಡಿದು ನಿಂತಿದ್ದ ಶಾಲೆಯ ಮೇಷ್ಟ್ರು ನನ್ನ ಟೈಮು ಕೂಗಿದರು: ಒಂದು ಗಂಟೆ ಇಪ್ಪತ್ತೆಂಟು ನಿಮಿಷ ನಲವತ್ತು ಸೆಕೆಂಡು. ಅವಳದ್ದು ಒಂದು ಇಪ್ಪತ್ತನಾಲ್ಕು. ಅಭ್ಯಾಸದಲ್ಲಿ ನಾನು ಒಂದು ಮೂವತ್ತೊಂದಕ್ಕಿಂತ ಕೆಳಗೆ ಇಳಿದೇ ಇರಲಿಲ್ಲ. ಕಾಲಿಗೆ ರೆಕ್ಕೆ ಬಂದಿದೆ ಅಂದುಕೊಂಡೆ. ಅಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಅಪ್ಪ ನನ್ನ ಬೆನ್ನು ತಟ್ಟಿದರು, ಅಂಗಿ ಮೇಲೆ ಐದು ಬೆರಳಿನ ಗ್ರೀಸ್ ಗುರುತು ಹಾಗೇ ಇದೆ. ಎರಡು ದಿನ ನಾನು ಊರಿನಲ್ಲಿ ನೆಲದ ಮೇಲೆ ನಡೆಯಲೇ ಇಲ್ಲ.

ಮೂರನೇ ದಿನ ದಳದ ಅಧಿಕಾರಿ ಬಂದರು. ಕೋಲಿನ ತುದಿಗೆ ಚಕ್ರ, ಚಕ್ರಕ್ಕೆ ಮೀಟರು, ಅಂಥದ್ದೊಂದನ್ನು ಹಿಡಿದುಕೊಂಡು ಬೆಳಗ್ಗೆ ಚೌಕದಿಂದ ಹೊರಟವರು ಸಾಯಂಕಾಲ ವಾಪಸ್ ಬಂದರು. ಬುಧವಾರ ಶಾಲೆಯ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದರು, ದಾರಿ ಆರುನೂರ ಅರವತ್ತು ಮೀಟರ್ ಕಡಿಮೆ ಇದೆ. ಯಾರ ಟೈಮೂ ಲೆಕ್ಕಕ್ಕಿಲ್ಲ. ‘ಮುಂದಿನ ವರ್ಷ ಸರಿಯಾಗಿ ಅಳೆದು ಓಡಿ’ ಅಂತ ಚಕ್ರ ಮಡಚಿಕೊಂಡರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ಕುಣಿದೇ ಕುಣಿದೆವು, ಇಲ್ಲಿ ನೆಲವೇ ಗಿಡ್ಡ!

ಅಳತೆ ನಮ್ಮ ಅಂಗಡಿಯದ್ದು ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಹನ್ನೊಂದು ವರ್ಷದಿಂದ ಅಪ್ಪ ಅಳೆಯುವುದು ಅದೇ ರೀತಿ: ತಮ್ಮ ದೊಡ್ಡ ಸೈಕಲ್ಲಿನ ಕಡ್ಡಿಗೆ ಕೆಂಪು ಬಟ್ಟೆ ಚೂರು ಕಟ್ಟಿ ದಾರಿಯುದ್ದಕ್ಕೂ ತಳ್ಳಿಕೊಂಡು ಹೋಗುವುದು, ಬಟ್ಟೆ ಒಂದು ಸುತ್ತು ಬಂದರೆ ಎರಡು ಮೀಟರ್ ಇಪ್ಪತ್ತು ಸೆಂಟಿಮೀಟರ್, ನೂರು ಸುತ್ತಿಗೆ ಒಂದು ಉಕ್ಕಿನ ಗುಂಡನ್ನು ಬಲ ಜೇಬಿನಿಂದ ಎಡ ಜೇಬಿಗೆ ಹಾಕಿಕೊಳ್ಳುವುದು. ತೊಂಬತ್ತಾರು ಗುಂಡು ಎಡಕ್ಕೆ ಬಂದರೆ ಹಾಫ್ ಮ್ಯಾರಥಾನ್ ಮುಗಿಯಿತು. ಕಲ್ಲುಗಣಿಯ ಹಳೇ ರಸ್ತೆ ಕುಸಿದಿದೆ ಅಂತ ಈ ವರ್ಷ ದಾರಿ ಬದಲಾಯಿಸಿದರು, ಅದಕ್ಕೇ ಹೊಸದಾಗಿ ಅಳೆಯಬೇಕಾಯಿತು. ಮೇಷ್ಟ್ರು ಮೂಗಿನ ತುದಿಗೆ ಕನ್ನಡಕ ಇಳಿಸಿ ‘ಅಳತೆ ಯಾರದ್ದಪ್ಪಾ?’ ಅಂತ ಕೇಳಿದರು, ಗೊತ್ತಿಲ್ಲದವರ ಹಾಗೆ! ಅಪ್ಪ ಕೊನೇ ಬೆಂಚಿನಿಂದ ಎದ್ದು ನಿಂತು ‘ಅಳತೆ ನನ್ನದು. ತಪ್ಪಾಗಿದೆ’ ಅಂದರು. ಅಷ್ಟೇ. ಕೂತುಬಿಟ್ಟರು. ಚಕ್ರ ಹಳೇದಾಗಿತ್ತು, ರಸ್ತೆ ಸರಿ ಇರಲಿಲ್ಲ, ಏನಾದರೂ ಒಂದು ಹೇಳಬಹುದಿತ್ತಲ್ಲ? ಮಿಕ್ಕವರು ಗುಸುಗುಸು ಅಂದರು. ಕ್ಷೌರದವರ ಮಗಳು ಮಾತ್ರ ನೇರವಾಗಿ ಕೇಳಿದಳು: ‘ಹನ್ನೊಂದು ವರ್ಷ ಸರಿ ಇದ್ದದ್ದು ನನ್ನ ವರ್ಷಕ್ಕೇ ಯಾಕೆ ಕೆಡಬೇಕಿತ್ತು ಮಾವ?’ ಅವಳಿಗೆ ಈ ವರ್ಷ ಇಪ್ಪತ್ತಮೂರು ತುಂಬುತ್ತೆ, ಮುಂದಿನ ವರ್ಷ ದಳದವರು ಅವಳನ್ನು ತೆಗೆದುಕೊಳ್ಳುವುದಿಲ್ಲ.

ಅವತ್ತಿನಿಂದ ಈ ಊರಿನಲ್ಲಿ ಇರುವುದು ಮುಳ್ಳಿನ ಮೇಲೆ ಕೂತ ಹಾಗಿದೆ. ಬಟ್ಟೆ ಅಂಗಡಿಯವನು ಗಜಕಡ್ಡಿ ಹಿಡಿದು ‘ನಿಮ್ಮಪ್ಪನ ಅಳತೆಯಲ್ಲಿ ಕೊಡಲಾ, ನ್ಯಾಯವಾದ ಅಳತೆಯಲ್ಲಿ ಕೊಡಲಾ?’ ಅಂತಾನೆ. ಟೀ ಅಂಗಡಿಯಲ್ಲಿ ಅರ್ಧ ಲೋಟ ಕೊಟ್ಟು ‘ಇದು ಪೂರ್ತಿ, ಸೈಕಲ್ ಅಂಗಡಿ ಲೆಕ್ಕ’ ಅಂದರು, ಎಲ್ಲರೂ ನಕ್ಕರು. ಚೌಕದ ಮ್ಯಾರಥಾನ್ ಬ್ಯಾನರಿನ ಕೆಳಗೆ ಅಪ್ಪನ ಅಂಗಡಿಯ ಹೆಸರು ಇರುತ್ತಿತ್ತಲ್ಲ, ಅದರ ಮೇಲೆ ಬಿಳಿ ಬಣ್ಣ ಬಳಿದಿದ್ದಾರೆ. ಅಪ್ಪ ಅದರ ಮುಂದೆಯೇ ದಿನಾ ಹಾದು ಬಂದು ಶಟರ್ ಎತ್ತುತ್ತಾರೆ, ಚಕ್ರ ಸ್ಟ್ಯಾಂಡಿಗೆ ಏರಿಸಿ ಕಡ್ಡಿ ಬಿಗಿಮಾಡುತ್ತಾ ಕೂರುತ್ತಾರೆ. ಬಿಗಿಯಾದದ್ದನ್ನೇ ಮತ್ತೆ ಬಿಗಿಮಾಡುತ್ತಾರೆ. ಗಿರಾಕಿ ಅರ್ಧಕ್ಕರ್ಧ ಬರುತ್ತಿಲ್ಲ. ಅಮ್ಮ ಮಧ್ಯದಲ್ಲಿ ಸಿಕ್ಕಿಕೊಂಡು ‘ನಿನ್ನ ಕೆಲಸ ಹೋಯಿತು ಅಂತ ಅವರ ಮೇಲೆ ಯಾಕೋ ಮುಖ ಊದಿಸ್ಕೊಂಡಿದ್ದೀಯ? ಬೇಕು ಅಂತ ಮಾಡಿದ್ರಾ?’ ಅಂತ ನನ್ನನ್ನೇ ಬೈಯುತ್ತಾಳೆ. ಹೌದು, ಸಿಟ್ಟು ಬಂದಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಸಿಟ್ಟು ಒಂದು. ಅದಕ್ಕಿಂತ ದೊಡ್ಡದು, ಅಷ್ಟು ಜನರ ಮುಂದೆ ಅಪ್ಪ ಯಾಕೆ ಎದ್ದು ನಿಲ್ಲಬೇಕಿತ್ತು ಅನ್ನುವ ಸಿಟ್ಟು. ಅದೇನೋ ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಹಾಗೆ ಎದ್ದುಬಿಟ್ಟರಲ್ಲ! ಅವರು ಬೈದಿದ್ದರೆ, ಕೂಗಾಡಿದ್ದರೆ ನನಗೂ ಒಂದು ದಾರಿ ಇರುತ್ತಿತ್ತು. ತಟ್ಟೆ ಮುಂದೆ ಕೂತಾಗ ‘ನೀರು ಕೊಡು’ ಅಂತಾರೆ, ನಾನು ಕೊಡುತ್ತೇನೆ. ಆರು ದಿನದಿಂದ ನಮ್ಮಿಬ್ಬರ ಮಾತು ಅಷ್ಟೇ.

ಬೆಳಗ್ಗೆ ಓಡುವುದನ್ನೂ ಬಿಟ್ಟಿದ್ದೇನೆ. ಬೆಟ್ಟ ನೋಡಿದರೆ ಮೈ ಉರಿಯುತ್ತೆ. ನೀನು ನನ್ನ ಬಗ್ಗೆ ಚಿಂತೆ ಮಾಡಿಕೊಂಡು ಪರೀಕ್ಷೆ ಹಾಳು ಮಾಡಿಕೊಳ್ಳಬೇಡ. ರಜಕ್ಕೆ ಬರುವಾಗ ಅಮ್ಮನಿಗೆ ಕನ್ನಡಕದ ಡಬ್ಬಿ ತಂದುಕೊಡು, ಈಗ ಕನ್ನಡಕವನ್ನು ಕಾಲುಚೀಲದೊಳಗೆ ಇಟ್ಟುಕೊಳ್ಳುತ್ತಿದ್ದಾಳೆ. ಅಮ್ಮನ ಆಶೀರ್ವಾದ ಬರೆ ಅಂತ ಬೆಳಗ್ಗೆ ನಾನು ಮನೆ ಬಿಡುವಾಗಲೇ ಅಡುಗೆಮನೆಯಿಂದ ಕೂಗಿದ್ದಳು, ಬರೆದಿದ್ದೇನೆ. ನಿನ್ನ ರೂಮಿನ ಗೆಳತಿಯರಿಗೆ ನನ್ನ ನಮಸ್ಕಾರ, ಪಾಸಾದ ಸುದ್ದಿ ಮೊದಲೇ ಹೇಳಿಬಿಟ್ಟಿದ್ದರೆ ವಾಪಸ್ ತಗೋ.

ಇಂತು ನಿನ್ನ ಕೂರಲಾರದ ತಮ್ಮ

ಮಡಚುವ ಮೊದಲು ಒಂದು ಮಾತು. ಇಷ್ಟುದ್ದ ಬರೆದು ಬರೆಯಬೇಕಾದದ್ದನ್ನೇ ನುಂಗಿಬಿಟ್ಟೆ. ಈ ಸಲ ಅಳೆದದ್ದು ಅಪ್ಪ ಅಲ್ಲ ಅಕ್ಕ, ನಾನು. ಆ ವಾರ ಅವರಿಗೆ ಜ್ವರ, ನನ್ನನ್ನು ಕಳಿಸಿದರು. ‘ಇಳಿಜಾರಿನಲ್ಲೂ ಸೈಕಲ್ ಹತ್ತಬೇಡ, ತಳ್ಳಿಕೊಂಡೇ ಬಾ, ಎಣಿಸು’ ಅಂದಿದ್ದರು. ಮೇಲೆ ನಿಂತು ಖಾಲಿ ರಸ್ತೆ ನೋಡಿದವನಿಗೆ ತಡೆಯಲಾಗಲಿಲ್ಲ, ಹತ್ತಿ ಕೂತು ಬಿಟ್ಟೆ. ಬಟ್ಟೆ ಚೂರು ಕಣ್ಣಿಗೇ ಸಿಗದ ಹಾಗೆ ತಿರುಗಿತು. ಕೆಳಗೆ ಬಂದು, ಇಷ್ಟಾಗಿರಬಹುದು ಅಂತ ಅಂದಾಜಿನಲ್ಲಿ ಗುಂಡು ಹಾಕಿಕೊಂಡೆ. ಮೂರು ಹೆಚ್ಚಿಗೆ ಹಾಕಿಕೊಂಡಿದ್ದೇನೆ, ಆರುನೂರ ಅರವತ್ತು ಮೀಟರ್ ಅಲ್ಲೇ ಹೋಯಿತು. ಪೂರ್ತಿ ದಾರಿ ಓಡಿದ್ದರೆ ನಾನು ಹೇಗೂ ಒಂದೂವರೆ ಗಂಟೆ ದಾಟುತ್ತಿದ್ದೆ, ಆ ಹುಡುಗಿ ದಾಟುತ್ತಿರಲಿಲ್ಲ. ಅಂದಾಜಿನ ವಿಷಯ ಅಪ್ಪನಿಗೆ ಗೊತ್ತಿಲ್ಲ, ಅಳೆದವನು ನಾನು ಅನ್ನುವುದು ಗೊತ್ತು. ಗೊತ್ತಿದ್ದೇ ಎದ್ದು ನಿಂತರು. ನಾನು ಪಕ್ಕದಲ್ಲೇ ಕೂತಿದ್ದೆ, ಏಳಲಿಲ್ಲ. ಮೇಷ್ಟ್ರ ಹತ್ತಿರ, ಕ್ಷೌರದಂಗಡಿಯಲ್ಲಿ, ಇಬ್ಬರ ಮುಂದೆಯೂ ಹೇಳಬೇಕು, ಆದರೆ ಮೊದಲು ಅಪ್ಪನಿಗೆ. ಬಾಯಲ್ಲಿ ಬರುತ್ತಿಲ್ಲ. ಅದಕ್ಕೆ ಈ ಕಾಗದವನ್ನೇ ಅವರ ಕೈಗೆ ಕೊಟ್ಟು, ಓದಿ, ವಿಳಾಸ ಬರೆದು ಅಂಚೆಗೆ ಹಾಕಿ ಅನ್ನುತ್ತೇನೆ. ಲಕೋಟೆಯ ಮೇಲೆ ನಾನು ಏನೂ ಬರೆದಿಲ್ಲ. ವಿಳಾಸ ಯಾರ ಅಕ್ಷರದಲ್ಲಿದೆ ಅಂತ ತಿರುಗಿಸಿ ನೋಡು.