ದುರ್ಯೋಧನ ಕಟ್ಟಿದ ದುಡ್ಡು

ಫೆಬ್ರವರಿ 11, ಬುಧವಾರ. ಓಲ್ಡ್ ಟೌನ್, ಭದ್ರಾವತಿ.

ನೆರೆದಿರುವ ಮಹಾಜನರೇ, ಈ ದುರ್ಯೋಧನನ ಸೇಡನ್ನು ಕೇಳಿ!

ಹೋದ ತಿಂಗಳ ನಾಟಕದಲ್ಲಿ ನಾನು ತೊಡೆ ತಟ್ಟಿ ನಿಂತ ಗಳಿಗೆಗೇ, ನಾನೇ ಕೊಂಡು ತಂದಿದ್ದ ಹೊಸ ವಿದೇಶಿ ಮೈಕು ಸತ್ತುಹೋಯಿತು. "ಏನ್ ಮಾರಾಯ, ಭೀಮ ನಾಲಿಗೇನೂ ಕಿತ್ಕೊಂಡ್ನಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಆ ನಗು ಇನ್ನೂ ಕಿವಿಯಲ್ಲಿದೆ.

ಮೈಕು ಬದಲಿಸಿಕೊಡಿ ಎಂದರೆ, ನಾಟಕದಲ್ಲಿ ಬಳಸಿದ್ದು ವ್ಯಾಪಾರ, ವಾರಂಟಿ ಇಲ್ಲ ಎಂದು ಕಂಪನಿ ಬರೆಯಿತು. ಇಂದು ಹೊಸಮನೆಗೆ ಹೋಗಿ ವಕೀಲೆ ಶರಾವತಿಯವರನ್ನು ಕಂಡೆ.

"ವ್ಯಾಪಾರಕ್ಕೆ ಕೊಂಡೋರು ಗ್ರಾಹಕರಲ್ಲ ಅಂತ ಕಾನೂನೇ ಹೇಳುತ್ತೆ ತೀರ್ಥಪ್ಪನೋರೇ. ಅದನ್ನೇ ಅವರು ವಾರಂಟಿ ಕಾರ್ಡಿಗೆ ಇಳಿಸಿದಾರೆ. ಪಾತ್ರಕ್ಕೆ ನಿಮಗೆಷ್ಟು ಕೊಟ್ರು?"

"ಕೊಡೋದಾ? ನಮ್ಮಲ್ಲಿ ಪಾತ್ರ ಮಾಡೋನೇ ದುಡ್ಡು ಕಟ್ತಾನಮ್ಮ! ದುರ್ಯೋಧನಂದೇ ಎಲ್ಲಕ್ಕಿಂತ ದುಬಾರಿ."

ಆಕೆ ಜೋರಾಗಿ ನಕ್ಕರು. "ಹಂಗಾದ್ರೆ ವ್ಯಾಪಾರ ಎಲ್ಲಿ ಬಂತು? ದುಡ್ಡು ಕಟ್ಟಿದ್ದಕ್ಕೆ ರಸೀದಿ ಇದ್ಯಾ?"

ಇದೆ! ನಾಟಕದ ಮೇಷ್ಟ್ರ ಸಹಿಯೂ ಇದೆ. ಎಲೈ ಕಂಪನಿಯೇ, ನಿನಗೊಪ್ಪುವ ಕಾನೂನನ್ನು ಕಾರ್ಡಿನಲ್ಲಿ ಅಚ್ಚು ಹಾಕಿಸಿದೆಯಲ್ಲವೇ? ನನ್ನ ಕೇಸಿನ ತೀರ್ಪನ್ನೂ ಅದರ ಕೆಳಗೇ ಹಾಕಿಸುವೆಯಂತೆ. ಗ್ರಾಹಕ ತನ್ನ ಜಿಲ್ಲೆಯಲ್ಲೇ ದೂರು ಕೊಡಬಹುದಂತೆ; ಉತ್ತರ ಕೊಡಲು ನೀನು ಸಮುದ್ರ ದಾಟಿ ಶಿವಮೊಗ್ಗದ ಗ್ರಾಹಕರ ಕೋರ್ಟಿಗೇ ಬರಬೇಕು. ನಾನೋ, ನಾಳೆ ಬೆಳಿಗ್ಗೆ ಒಂಬತ್ತರ ಬಸ್ಸು ಹತ್ತಿ ಹೋಗಿ ದೂರು ಕೊಟ್ಟು, ಊಟದ ಹೊತ್ತಿಗೆ ಮನೆಗೆ ಬರುತ್ತೇನೆ.