ಅರ್ಧ ಬಟ್ಟಲು ತೊವ್ವೆ

ಮುಲುಂಡ್, ೧೨ ಆಗಸ್ಟ್ ೧೯೮೭, ಬುಧವಾರ

ಇನ್ನೂ ಮೈ ಉರಿಯುತ್ತಿದೆ. ನನ್ನ ಕಿಡ್ನಿಗೆ ಬೇಳೆ ಎಷ್ಟು ಸಲ್ಲುತ್ತದೆ ಎಂದು ದಾದರಿನ ಡಾಕ್ಟರು ಇವರೆದುರೇ ಹೇಳಿದರು: ನೆನೆಸಿ, ಬೇಯಿಸಿ, ನೀರು ಬಸಿದು ಅರ್ಧ ಬಟ್ಟಲು ತಿನ್ನಬಹುದು. ಮನೆಗೆ ಬಂದವರೇ ಇವರು, ಅಡುಗೆ ಮಾಡುತ್ತಿದ್ದ ನಾದಿನಿ ಗಂಗುಬಾಯಿಗೆ, "ಬ್ಯಾಳಿ ಪೂರಾ ಬಂದ್ ಅಂದಾರ," ಎಂದುಬಿಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ!

"ಸುಳ್ಳು ಯಾಕ ಹೇಳ್ತೀರಿ?" ಎಂದೆ.

"ಅರ್ಧ ಅಂದ್ರ ನೀ ಪೂರಾ ತಿಂತಿ. ನನಗ ಅಂಜಿಕಿ ಆಗ್ತದ."

ಇವರ ಅಂಜಿಕೆಗೆ ನಾನು ಉಪವಾಸ ಇರಬೇಕೇ? ನಾನೇನು ಕೂಸೇ? ಒಳಗೆ ಹೋಗಿ ನಾನೇ ತೊವ್ವೆ ಮಾಡಿದೆ. ಇವರೆದುರು ಕೂತು ಅರ್ಧ ಬಟ್ಟಲು ತಿಂದು, ಪಾತ್ರೆಯಲ್ಲಿ ಉಳಿದದ್ದನ್ನೆಲ್ಲ ಇವರ ತಟ್ಟೆಗೆ ಸುರಿದೆ. ಅಷ್ಟನ್ನೂ ತಿಂದರು. ತಿನ್ನುತ್ತಲೇ ಕಣ್ಣು ಒರೆಸಿಕೊಂಡರು. ಈಗ ಮನಸ್ಸು ತಣಿಯುವಷ್ಟು ಬೈಯುವ ಹಾಗೂ ಇಲ್ಲ. ಇದೆಂಥ ಅನ್ಯಾಯ...