ಮನೇಲಾದ ಗಾಯ

೯ನೇ ತಾರೀಖು, ಬುಧವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದ ಸೋಮಾರಿ ತಂಗಿಯ ನಮಸ್ಕಾರ. ಬೈಕೋಬೇಡ. ಇಲ್ಲಿ ನಾನು ಚೆನ್ನಾಗಿದೀನಿ. ನಮ್ಮವರನ್ನ ನಿನ್ನ ಮನೇಲಿಟ್ಟುಕೊಂಡು ದಿನಾ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀಯಲ್ಲ, ಆ ಋಣ ಹೇಗೆ ತೀರಿಸ್ಲಿ ಗೊತ್ತಿಲ್ಲ. ಭಾವನ ಕುರ್ಚೀಲೇ ಠಿಕಾಣಿ ಹೂಡಿ ಪೇಪರ್ ಓದ್ತಿರ್ತಾರೆ ಅಂತ ಗೊತ್ತು. ಭಾವನಿಗೆ ಸ್ವಲ್ಪ ಸಹಿಸ್ಕೊಳ್ಳೋಕೆ ಹೇಳು.

ಇವರ ಬಲಗೈಯ ಮೂರು ಬೆರಳು ಇನ್ನು ಮಡಚೋಕೆ ಬರಲ್ಲ ಅಂತ ಡಾಕ್ಟರು ಹೇಳಿದ್ದನ್ನ ಬರೆದಿದೀಯ. "ಕೆಲಸದಲ್ಲಿ ಪೆಟ್ಟಾದ್ರೆ ಪರಿಹಾರ ಕೊಡ್ಲೇಬೇಕಲ್ಲ, ಯಾಕೆ ಬಂದಿಲ್ಲ?" ಅಂತಾನೂ ಕೇಳಿದೀಯ. ಬಿಡಿಸಿ ಹೇಳ್ತೀನಿ.

ನಾವಿಬ್ಬರೂ ಕೆಲಸ ಮಾಡೋದು ಮೇಜು, ಬೆಂಚು ಮಾಡೋ ಸಣ್ಣ ಕಾರ್ಖಾನೇಲಿ. ಇವರು ಗರಗಸದ ಮೆಷಿನ್‌ನಲ್ಲಿ, ನಾನು ಆಫೀಸಲ್ಲಿ. ಕೆಲಸಗಾರರಿಗಾಗಿ ಮಾಲೀಕರು ವರ್ಷಾವರ್ಷ ವಿಮೆ ಕಟ್ಟಬೇಕು. ಯಾರಿಗಾದ್ರೂ ಪೆಟ್ಟಾದ್ರೆ ಆಸ್ಪತ್ರೆ ಖರ್ಚು, ರಜೆಯ ಸಂಬಳ, ಕೈಕಾಲು ಊನವಾದ್ರೆ ಪರಿಹಾರ, ಎಲ್ಲಾ ವಿಮೆಯವರೇ ಕೊಡ್ತಾರೆ. ಹಾಗಂತ ಅವರೇನು ಧರ್ಮಕ್ಕೆ ಕೊಡಲ್ಲ. ಎಷ್ಟು ಪರಿಹಾರ ಹೋಯ್ತು ನೋಡ್ಕೊಂಡು ಮುಂದಿನ ವರ್ಷದ ಕಂತು ಏರಿಸ್ತಾರೆ. ಹೋದ ವರ್ಷ ಪಾಲಿಶ್ ಮಾಡೋನ ಕಣ್ಣಿಗೂ ಲೋಡ್ ಹೊರೋನ ಸೊಂಟಕ್ಕೂ ಕೊಟ್ಟರು, ಕಂತು ಒಂದೂವರೆ ಪಟ್ಟು ಆಯ್ತು. ಮಾಲೀಕರು ತಲೆ ಮೇಲೆ ಕೈ ಹೊತ್ತು ಕೂತರು. "ಇನ್ನೊಂದು ಆದ್ರೆ ಇಬ್ಬರನ್ನ ಕೆಲಸದಿಂದ ಬಿಡಿಸ್ಬೇಕಾಗುತ್ತೆ. ನಾನೇನು ಮಾಡ್ಲಿ, ನೀವೇ ಹೇಳಿ" ಅಂದ್ರು. ಕೆಟ್ಟವರಲ್ಲ ಅಕ್ಕ.

ಆಮೇಲಿಂದ ಯಾರಿಗೆ ಉಳಿ ತಾಗಿದ್ರೂ ಬಟ್ಟೆ ಸುತ್ಕೊಂಡು "ಇದು ಮನೇಲಾದ ಗಾಯ" ಅನ್ನೋದು ರೂಢಿಯಾಯ್ತು. ಅಪಘಾತದ ಪುಸ್ತಕದಲ್ಲಿ ನಾನೂ ಬರೀತಿರಲಿಲ್ಲ. ಎಲ್ಲಾ ಸೇರಿ ಒಂದು ಔಷಧಿ ಡಬ್ಬಿ ತಂದಿಟ್ಟಿದ್ವಿ. "ನಮ್ಮ ಮನೆಗಳಷ್ಟು ಅಪಾಯದ ಜಾಗ ಊರಲ್ಲೇ ಇಲ್ಲ ಬಿಡು" ಅಂತ ನಗ್ತಿದ್ದೋರು ಇವರೇ.

ಇವರ ಕೈ ಗರಗಸಕ್ಕೆ ಸಿಕ್ಕ ದಿನ ಮಾಲೀಕರು ಊರಲ್ಲಿರಲಿಲ್ಲ. ಇವರಿಗೆ ಅರೆಪ್ರಜ್ಞೆ. ಆಸ್ಪತ್ರೆಗೆ ಕೊಟ್ಟ ಚೀಟೀಲಿ 'ಮನೆಯಲ್ಲಿ ಕಪಾಟು ರಿಪೇರಿ ಮಾಡುವಾಗ' ಅಂತ ಹೋಯ್ತು. ನಾಲ್ಕು ಹೊಲಿಗೆ ಹಾಕಿ ಕಳಿಸ್ತಾರೆ ಅಂದ್ಕೊಂಡ್ರೆ, ನರವೇ ತುಂಡಾಗಿತ್ತು. ಮನೇಲಾದದ್ದಕ್ಕೆ ನಾವ್ಯಾಕೆ ಕೊಡಬೇಕು ಅಂತ ವಿಮೆಯವರು ಪರಿಹಾರಕ್ಕೆ ಹಾಕಿದ ಅರ್ಜಿಯನ್ನ ಆ ಚೀಟಿ ಸಮೇತ ಮಾಲೀಕರಿಗೆ ವಾಪಸ್ ಕಳಿಸಿದ್ರು. ಇವರು ಮಾಲೀಕರ ಕೊರಳಪಟ್ಟಿ ಹಿಡಿಯೋದೊಂದು ಬಾಕಿ. "ಕಂತು ಉಳಿಸೋಕೆ ಫೋನಲ್ಲೇ ಬರೆಸಿದ್ರಲ್ಲ, ನನ್ನ ಕೈಗಿಂತ ಅದು ಹೆಚ್ಚಾಯ್ತಾ?" ಅಂತ ಎಲ್ಲರೆದುರು ಕೂಗಾಡಿದ್ರು. ಮಾಲೀಕರು ವಾಪಸ್ ಬಂದ ಕಾಗದಗಳನ್ನ ಮಡಚಿ ಜೇಬಿಗೆ ಇಟ್ಕೊಂಡ್ರು. ಹದಿನಾಲ್ಕು ವರ್ಷ ಒಟ್ಟಿಗೆ ಊಟ ಮಾಡಿದೋರು, ಈಗ ಮುಖ ಕೊಟ್ಟು ಮಾತಿಲ್ಲ.

ನಿನ್ನ ದೊಡ್ಡವಳು ಗಣಿತದಲ್ಲಿ ಪಾಸಾದಳಂತೆ. ನಮ್ಮ ವಂಶದಲ್ಲೇ ಇದು ಮೊದಲು. ಅವಳಿಗೂ ಚಿಕ್ಕವನಿಗೂ ನನ್ನ ಆಶೀರ್ವಾದ. ಸದಾ ನಗನಗ್ತಾ ಇರಲಿ.

ನಿನ್ನ ಬಾಯಿಬಡಕಿ ತಂಗಿ

ವಿ.ಸೂ.: ಮರೆತು ಬಿಟ್ಟಿದ್ದಲ್ಲ ಅಕ್ಕ, ಇಷ್ಟು ಹೊತ್ತು ಧೈರ್ಯ ಬರಲಿಲ್ಲ. ಆ ಚೀಟಿ ಬರೆದೋಳು ನಾನು. ಮಾಲೀಕರು ಫೋನೂ ಮಾಡಿರಲಿಲ್ಲ. ಬಿಡಿಸೋ ಇಬ್ಬರಲ್ಲಿ ಮೊದಲನೇ ಹೆಸರು ನನ್ನದೇ ಅಂತ ಗೊತ್ತಿತ್ತು. ರಕ್ತ ಸುರೀತಿದ್ದವರನ್ನ ಗಾಡಿ ಹತ್ತಿಸಿ, ನನ್ನ ಕೆಲಸ ಉಳಿಸ್ಕೊಳ್ಳೋಕೆ ಹಾಗೆ ಬರೆದೆ. ಚೀಟೀಲಿ ನನ್ನ ಅಕ್ಷರ ಗುರುತು ಹಿಡಿದೂ ಮಾಲೀಕರು ನನ್ನ ಹೆಸರೆತ್ತಲಿಲ್ಲ. ಅವರು ಬೈಸ್ಕೊಳ್ತಿದ್ರೆ ನಾನು ಪಕ್ಕದಲ್ಲೇ ಸುಮ್ಮನೆ ನಿಂತಿದ್ದೆ. ಇವತ್ತು ಬೆಳಿಗ್ಗೆ ವಿಮೆ ಕಚೇರಿಗೆ ಹೋಗಿ ನಿಜ ಬರೆದುಕೊಟ್ಟು ಸಹಿ ಹಾಕಿ ಬಂದೆ. ಪರಿಹಾರ ಸಿಗುತ್ತೋ ಇಲ್ಲವೋ, ನನ್ನ ಕೆಲಸ ಹೋಗೋದಂತೂ ಖಂಡಿತ. ಇದನ್ನ ನೀನೇ ಅವರಿಗೆ ಓದಿ ಹೇಳು. ಮಾಲೀಕರನ್ನ ಬೈಯೋದು ನಿಲ್ಲಿಸಲಿ. ನನ್ನನ್ನ ಎಷ್ಟು ಬೇಕಾದ್ರೂ ಬೈಯಲಿ, ಆದ್ರೆ ಮನೆಗೆ ಬಂದು ಬೈಯಲಿ.